ಚಂದ್ರಪ್ಪನ ಬೂದಿ ಚೀಲ

ಡಿಸೆಂಬರ್ ಬಂತೆಂದರೆ ಚಂದ್ರಪ್ಪ ಸಾಯಂಕಾಲ ಖಾಲಿ ಸಿಮೆಂಟ್ ಚೀಲ ಹಿಡಿದು ದಿಲ್ಲಿಯ ಮಯೂರ್ ವಿಹಾರದ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಇಸ್ತ್ರಿ ಭಯ್ಯಾ ದಿನದ ಬಟ್ಟೆ ಮುಗಿಸಿ, ಪೆಟ್ಟಿಗೆಯ ಮುಚ್ಚಳ ತೆರೆದು, ಉರಿದು ಮುಗಿದ ಇದ್ದಿಲಿನ ಬೂದಿಯನ್ನು ಚೀಲಕ್ಕೆ ತಟ್ಟುತ್ತಾನೆ. ಹದಿನೈದು ದಿನಕ್ಕೆ ಒಂದು ಚೀಲ ತುಂಬುತ್ತದೆ. ಅದನ್ನು ಹೊತ್ತು ತಂದು ತನ್ನ ಬಿಳಿ ಟೆಂಪೊ ಟ್ರಾವೆಲರಿನ ಹಿಂದಿನ ಸೀಟಿನ ಕೆಳಗೆ ತುರುಕುತ್ತಾನೆ.

“ಏನ್ ಚಂದ್ರಪ್ಪ, ಪಾತ್ರೆ ತಿಕ್ಕೋ ಕೆಲಸ ಹಿಡಿದ್ಯಾ, ಇಲ್ಲಾ ವಿಭೂತಿ ವ್ಯಾಪಾರವಾ?” ಎಂದು ಮೂರನೇ ಮಹಡಿಯ ಗುರುರಾಜರು ಬಾಲ್ಕನಿಯಿಂದಲೇ ಕೇಳುತ್ತಾರೆ.

“ಗಾಡಿಗೆ ಬೇಕು ಸಾರ್,” ಎಂದಷ್ಟೇ ಹೇಳಿ ಅವನು ಒಳಗೆ ಹೋಗುತ್ತಾನೆ.

ಮೂರು ವರ್ಷದ ಹಿಂದೆ ಆಗಿದ್ದರೆ ಇಂಥ ಮಾತಿಗೆ ಚಂದ್ರಪ್ಪ ಮೂರೂ ಮಹಡಿ ಹತ್ತಿ ಹೋಗಿ ಜವಾಬು ಕೊಟ್ಟು ಬರುತ್ತಿದ್ದ. ಅಂಥ ಸಿಟ್ಟಿನವನು. ಹಿರಿಯೂರಿನಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದವನು, ಲಾರಿಯ ಜೊತೆಗೇ ದಿಲ್ಲಿಗೆ ಬಂದು ಇಲ್ಲೇ ಉಳಿದ. ನೋಯ್ಡಾದ ಕಂಪನಿಗಳ ಕನ್ನಡದ ಹುಡುಗರು, ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್‌ಗೆ ಓದುವವರು, ಯಾರಿಗೆ ಗುಡ್ಡಕ್ಕೆ ಹೋಗಿ ಹಿಮ ನೋಡಬೇಕೆನಿಸಿದರೂ ಚಂದ್ರಪ್ಪನಿಗೇ ಫೋನು. ಕನ್ನಡ ಮಾತಾಡುತ್ತಾನೆ, ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು ಇಟ್ಟುಕೊಂಡಿರುತ್ತಾನೆ, ಕುಡಿಯುವುದಿಲ್ಲ. ಬೈಯುತ್ತಾನೆ, ಅದೊಂದೇ. ಬೈಗುಳಕ್ಕೆ ಮುಖ್ಯ ಕಾರಣ ಗಾಡಿ. ಅದರ ಮೇಲೆ ಯಾರೂ ಒರಗಬಾರದು, ಬಾಗಿಲು ಜೋರಾಗಿ ಹಾಕಬಾರದು, ಎಲೆ ಉದುರಿದರೆ ಮರಕ್ಕೂ ಬೈಗುಳ. ಗಾಡಿ ನಿಲ್ಲಿಸಿದ ಕಡೆ ಮೊದಲು ತೊಳೆಯುವುದು, ಆಮೇಲೆ ತನ್ನ ಮುಖ ತೊಳೆಯುವುದು. ಹಿರಿಯೂರಿನ ಲಾರಿ ಮಾಲೀಕ ಹದಿನೈದನೇ ವಯಸ್ಸಿನಲ್ಲಿ ಕಲಿಸಿದ ಪಾಠ ಅದು. ನಾಲ್ಕು ಚಕ್ರಕ್ಕೂ ನೀರು ಹೊಯ್ದು, ಊದುಬತ್ತಿ ಬೆಳಗದೆ ಚಂದ್ರಪ್ಪ ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವನಲ್ಲ.

ಮೂರು ವರ್ಷದ ಹಿಂದಿನ ಜನವರಿಯಲ್ಲಿ ನೋಯ್ಡಾದ ಹರ್ಷಿಣಿ ಎಂಬ ಹುಡುಗಿ ತನ್ನ ಆಫೀಸಿನ ಏಳೆಂಟು ಜನರಿಗೆ ಗಾಡಿ ಕೇಳಿದಳು. ಎರಡು ಸೀಟು ಖಾಲಿ. ಚಂದ್ರಪ್ಪನ ಒಬ್ಬಳೇ ಮಗಳು ಮಯೂರಿ ಆಗ ಕಾಲೇಜು ಮೊದಲ ವರ್ಷ.

“ಪಪ್ಪಾ, ಊರವರಿಗೆಲ್ಲಾ ಬರ್ಫ್ ತೋರಿಸ್ತೀರಾ. ಮೇರಾ ನಂಬರ್ ಕಬ್ ಆಯೇಗಾ?” ಎಂದಳು, ತನ್ನ ಸರದಿ ಯಾವಾಗ ಎಂದು. ಮಗಳ ಕನ್ನಡ ಯಾವಾಗಲೂ ಅರ್ಧದಲ್ಲಿ ಹಿಂದಿಗೆ ತಿರುಗುತ್ತದೆ.

ಹೆಂಡತಿ ವಾಸಂತಿ ಸ್ವೆಟರು ಮಡಚುತ್ತಾ, “ಕರ್ಕೊಂಡು ಹೋಗಿ ರೀ. ಆದ್ರೆ ನಿಮ್ಮ ಕಣ್ಣು ಗಾಡಿ ಮೇಲಲ್ಲ, ಮಗು ಮೇಲಿರಲಿ,” ಎಂದಳು.

“ಎರಡರ ಮೇಲೂ ಇರುತ್ತೆ ಬಿಡೇ,” ಎಂದ ಚಂದ್ರಪ್ಪ.

ಬೆಳಗಿನ ಮಬ್ಬಿನಲ್ಲೇ ಹೊರಟು, ಮಧ್ಯಾಹ್ನ ಮೂರಕ್ಕೆ ಸೌಡಿಧಾರ್ ಮುಟ್ಟಿದರು. ಉತ್ತರಾಖಂಡದ ಗುಡ್ಡದ ನೆತ್ತಿಯ ಮೇಲೆ ಮೂವತ್ತು ಮನೆಯ ಹಳ್ಳಿ. ಹೆಂಗಸರು ಬೆನ್ನ ಮೇಲೆ ಸೊಪ್ಪಿನ ಹೊರೆ ಹೊತ್ತು, ಕೈಯಲ್ಲಿ ಕುಡುಗೋಲು ಹಿಡಿದು, ಹಿಮದ ಮೇಲೂ ಅಂಗಳದಲ್ಲಿ ಓಡಾಡಿದಂತೆ ಓಡಾಡುತ್ತಿದ್ದರು. ಮಕ್ಕಳು ಗೊಬ್ಬರದ ಚೀಲಕ್ಕೆ ಹುಲ್ಲು ತುಂಬಿ, ಅದರ ಮೇಲೆ ಕೂತು ಇಳಿಜಾರಿನಲ್ಲಿ ಸರ್ರನೆ ಜಾರುತ್ತಿದ್ದವು. ರಸ್ತೆ ಹಳ್ಳಿಯ ಮಗ್ಗುಲಲ್ಲೇ ಇಳಿದು, ದೇವದಾರು ಮರಗಳ ನೆರಳಲ್ಲಿ ಒಂದು ಗಟ್ಟಿ ತಿರುವು ತೆಗೆದುಕೊಂಡು ಕೆಳಗೆ ಹೋಗುತ್ತಿತ್ತು. ಚಳಿಗಾಲ ಪೂರ್ತಿ ಆ ತಿರುವಿಗೆ ಬಿಸಿಲು ಬೀಳುವುದಿಲ್ಲ. ಜಾರುವ ಮಕ್ಕಳ ಮೈದಾನ ಆ ತಿರುವಿನ ಕೆಳಗೆ, ರಸ್ತೆಗೆ ಹೊಂದಿಕೊಂಡೇ ಇತ್ತು.

ಉಳಿದುಕೊಳ್ಳುವ ಮನೆ ಸುಶೀಲಾ ಎಂಬ ಐವತ್ತರ ಹೆಂಗಸಿನದು. ಎಲ್ಲರೂ ಒಳಗೆ ಚಹಾ ಕುಡಿಯುತ್ತಿರುವಾಗ ಚಂದ್ರಪ್ಪ ಗಾಡಿಯನ್ನು ತಿರುವಿಗೆ ಸ್ವಲ್ಪ ಮೇಲೆ, ಗುಡ್ಡದ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಒರತೆಯ ನಲ್ಲಿಯಿಂದ ಬಕೆಟ್ಟು ತುಂಬತೊಡಗಿದ. ದಾರಿಯ ಕೆಸರು ಬಾಗಿಲವರೆಗೂ ಹತ್ತಿತ್ತು. ಒಂದು ಬಕೆಟ್, ಎರಡು, ಹತ್ತು, ಹನ್ನೆರಡು. ನೀರು ಚಕ್ರದ ಕೆಳಗಿಂದ ಹರಿದು ಡಾಂಬರಿನ ಮೇಲೆ ಇಳಿಯುತ್ತಾ ಹೋಯಿತು.

ಸುಶೀಲಾ ಓಡಿ ಬಂದಳು. “ಭಯ್ಯಾ, ನೀರು ಹಾಕಬೇಡಿ! ಬೆಳಗಾಗೋದ್ರೊಳಗೆ ರಸ್ತೆ ಮೇಲೆ ಪಾಲಾ ಕಟ್ಟುತ್ತೆ,” ಎಂದು ಹಿಂದಿಯಲ್ಲಿ ಹೇಳಿದಳು. ಪಾಲಾ ಎಂದರೆ ರಸ್ತೆಗೆ ಅಂಟಿಕೊಳ್ಳುವ ಗಾಜಿನಂಥ ಮಂಜುಗಡ್ಡೆ.

ಹತ್ತು ತಾಸು ಗಾಡಿ ಓಡಿಸಿ ಸೊಂಟ ಬಿದ್ದುಹೋಗಿದ್ದ ಚಂದ್ರಪ್ಪನಿಗೆ ಅಷ್ಟು ಸಾಕಾಯಿತು. “ನೀನು ಹುಟ್ಟಿದಾಗಿಂದ ಒಲೆ ಊದಿದೀಯ, ನಾನು ಸ್ಟಿಯರಿಂಗ್ ಹಿಡಿದಿದೀನಿ. ರಸ್ತೆ ಪಾಠ ನನಗೆ ಹೇಳಬೇಡ,” ಎಂದ, ಅವಳಿಗೆ ಅರ್ಥವಾಗುವ ಭಾಷೆಯಲ್ಲೇ.

ಅವಳು ಒಳಗೆ ಹೋದಳು. ಅರ್ಧ ತಾಸಿಗೆ ಮತ್ತೆ ಬಂದಳು, ತಲೆಯ ಮೇಲೆ ಬೂದಿಯ ಬಾಣಲೆ. ಆ ಹಳ್ಳಿಯ ಪದ್ಧತಿ ಅದು: ಚಕ್ರ ಜಾರದಂತೆ ಸಾಯಂಕಾಲ ಒಲೆಯ ಬೂದಿಯನ್ನು ಬಿಸಿಲು ಕಾಣದ ತಿರುವಿಗೆ ಎರಚುವುದು. ಆ ತಿರುವು ಸುಶೀಲಾಳ ಮನೆಯ ಪಾಲಿಗೆ ಬಂದದ್ದು. ಅತ್ತೆಯ ಕಾಲದಿಂದ ಒಂದು ದಿನ ತಪ್ಪಿಲ್ಲ. ಮೇಲಿನೂರಿನಿಂದ ಬೆಳಿಗ್ಗೆ ಇಳಿಯುವ ಹಾಲಿನ ಜೀಪು ಆ ಬೂದಿಯನ್ನೇ ನಂಬಿಕೊಂಡು ತಿರುವು ದಾಟುತ್ತದೆ. ಅವಳು ಮೊದಲ ಹಿಡಿ ಎರಚಿದಳು. ಗಾಳಿ ತಿರುಗಿ, ಬೂದಿ ಬಂದು ತೊಳೆದ ಬಿಳಿ ಗಾಡಿಗೆ ಮೆತ್ತಿಕೊಂಡಿತು.

ಚಂದ್ರಪ್ಪ ಏನೇನು ಬೈದನೋ ಅದನ್ನಿಲ್ಲಿ ಬರೆಯುವುದು ಬೇಡ. ಅರ್ಧ ಹಿಂದಿ, ಅರ್ಧ ಹಿರಿಯೂರು. ಬಾಣಲೆ ಕಿತ್ತುಕೊಂಡು ಅಂಗಳದ ಗೋಡೆಯ ಮೇಲೆ ಕುಕ್ಕಿದ. “ಈ ಕಡೆ ಬೂದಿ ತಂದ್ರೆ ನೋಡು!” ಮಯೂರಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಸುಶೀಲಾಳ ಕಣ್ಣು ತುಂಬಿತ್ತು. ಆ ಸಂಜೆ ತಿರುವಿಗೆ ಬೂದಿ ಬೀಳಲಿಲ್ಲ.

ಬೆಳಿಗ್ಗೆ ಏಳಕ್ಕೆ ಎದ್ದ ಚಂದ್ರಪ್ಪ ಅಭ್ಯಾಸದಂತೆ ಮೊದಲು ಬಕೆಟ್ಟಿಗೆ ಕೈ ಹಾಕಿದ. ನಿನ್ನೆ ಉಳಿದಿದ್ದ ನೀರು ಅಲುಗಲಿಲ್ಲ. ಬೋರಲು ಹಾಕಿ ಬುಡಕ್ಕೆ ತಟ್ಟಿದ. ಬೀಸುವ ಕಲ್ಲಿನಂಥ ಮಂಜುಗಡ್ಡೆ ಧೊಪ್ಪೆಂದು ಬಿತ್ತು, ಒಡೆಯಲೂ ಇಲ್ಲ. ಅದನ್ನೇ ನೋಡುತ್ತಾ ನಿಂತ. ಇಷ್ಟು ನೀರು ಹೀಗಾಗಿದ್ದರೆ, ಹನ್ನೆರಡು ಬಕೆಟ್ ನೀರು ಎಲ್ಲಿ ಹೋಯಿತು?

ತಲೆ ತಗ್ಗಿಸಿ ಗಾಡಿಯ ಕೆಳಗೆ ನೋಡಿದ. ನಾಲ್ಕು ಚಕ್ರವೂ ನೆಲಕ್ಕೆ ಬೆಸುಗೆ ಹಾಕಿದಂತೆ ಗಡ್ಡೆಯಲ್ಲಿ ಕೂತಿದ್ದವು. ಅಲ್ಲಿಂದ ಕೆಳಕ್ಕೆ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತಿತ್ತು, ಡಾಂಬರಿನ ಬಣ್ಣ ಡಾಂಬರಿನದೇ. ಒಂದು ಹೆಜ್ಜೆ ಇಟ್ಟ. ಕಾಲು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಮೊಣಕೈ ಊರಿ ಬಿದ್ದ. ಬಿದ್ದಲ್ಲಿಂದಲೇ ನೋಡಿದ. ಗಾಜು, ತಿರುವಿನ ತುದಿಯವರೆಗೂ ಗಾಜು.

ಆಗ ತಿರುವಿನ ಕೆಳಗಿಂದ ನಗು ಕೇಳಿಸಿತು. ಅವನಿಗೆ ಗೊತ್ತಿದ್ದ ನಗು. ಗೋಡೆ ಹಿಡಿದು ಎದ್ದು ಬಗ್ಗಿ ನೋಡಿದ. ಹರ್ಷಿಣಿ, ಅವಳ ಗೆಳೆಯರು, ಹಳ್ಳಿಯ ನಾಲ್ಕೈದು ಮಕ್ಕಳು, ನಡುವೆ ಕೆಂಪು ಟೋಪಿಯ ಮಯೂರಿ. ಚೀಲದ ಮೇಲೆ ಕೂತು ಜಾರಿ, ಬಂದು ನಿಲ್ಲುತ್ತಿದ್ದದ್ದು ನೇರ ರಸ್ತೆಯ ಮಧ್ಯಕ್ಕೆ.

“ಮಯೂರೀ! ರಸ್ತೆ ಬಿಡು! ಮೇಲಕ್ಕೆ ಹತ್ತು!”

ಅವಳು ಕತ್ತೆತ್ತಿ ನೋಡಿದಳು. “ಪಪ್ಪಾ, ಬಸ್ ಪಾಂಚ್ ಮಿನಿಟ್!”

“ಹತ್ತೇ ಅಂದ್ರೆ! ಸಾಯ್ತೀಯಾ!”

“ನೋಡಿ, ಶುರುವಾಯ್ತು ನಮ್ಮ ಪಪ್ಪಂದು,” ಎಂದು ಅವಳು ಹರ್ಷಿಣಿಗೆ ಹೇಳಿದ್ದು ಚಳಿಗಾಳಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ನಕ್ಕರು. ಹುಟ್ಟಿದಾಗಿಂದ ಅಪ್ಪನ ಕೂಗು ಕೇಳಿದವಳು. ಚಪ್ಪಲಿ ಅಡ್ಡ ಬಿಟ್ಟರೂ ಅದೇ ಕೂಗು, ಹಾಲು ಉಕ್ಕಿದರೂ ಅದೇ ಕೂಗು. ಇವತ್ತಿನ ಕೂಗು ಬೇರೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಚಂದ್ರಪ್ಪನ ಹತ್ತಿರ ಇನ್ನೊಂದು ದನಿ ಇರಲಿಲ್ಲ.

ಮೇಲಿನ ರಸ್ತೆಯಿಂದ ಹಾರ್ನ್ ಕೇಳಿಸಿತು. ಹಾಲಿನ ಜೀಪು.

ಕೆಳಗಿಳಿದು ಮಗಳನ್ನು ಎಳೆದು ತರೋಣವೆಂದರೆ ನಡುವೆ ಗಾಜು, ಅವರು ಇಳಿದುಹೋದ ಹೊಲದ ದಾರಿ ಸುತ್ತು. ಮೇಲೆ ಓಡಿ ಜೀಪು ನಿಲ್ಲಿಸುವುದೊಂದೇ ದಾರಿ. ಹವಾಯಿ ಚಪ್ಪಲಿ ಬಿಸಾಕಿ, ಬರಿಗಾಲಲ್ಲಿ ಓಡಿದ. ಆ ಎತ್ತರದಲ್ಲಿ ಇಪ್ಪತ್ತು ಹೆಜ್ಜೆಗೇ ಉಸಿರು ಸಿಕ್ಕಿಕೊಂಡಿತು. ಬಾಯಿ ತೆರೆದರೆ ಗಾಳಿಯಿಲ್ಲ, ಚಾಕು ಹೋದಂತೆ ಚಳಿ ಒಳಗೆ ಹೋಗುತ್ತಿತ್ತು. ಜೀಪು ಕಾಣಿಸಿತು. ಹಿಂದೆ ಹಾಲಿನ ಕ್ಯಾನುಗಳು, ಕ್ಯಾನುಗಳ ಮೇಲೆ ಇಬ್ಬರು. ಚಂದ್ರಪ್ಪ ಎರಡೂ ಕೈ ಎತ್ತಿ ರಸ್ತೆ ಮಧ್ಯೆ ನಿಂತ. “ರುಕೋ!” ಎನ್ನಬೇಕು, ದನಿ ಹೊರಡಲಿಲ್ಲ.

ಜೀಪು ಓಡಿಸುವ ಚಂದನ್ ನಿನ್ನೆ ಸಂಜೆ ವಾಪಸು ಹತ್ತುವಾಗ ಇವನು ಬೈಯುವುದನ್ನು ಕೇಳಿಸಿಕೊಂಡೇ ಹೋಗಿದ್ದ, ಯಾಕೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಜಗಳಕ್ಕೆ ನಿಂತಿದ್ದಾನೆ ಎಂದುಕೊಂಡ. ವೇಗ ತಗ್ಗಿಸಿದ, ನಿಲ್ಲಿಸಲಿಲ್ಲ. ಪಕ್ಕಕ್ಕೆ ಎಳೆದುಕೊಂಡು ದಾಟುತ್ತಾ, “ಬೆಳ್ಳಂಬೆಳಿಗ್ಗೆ ಮೂಡ್ ಖರಾಬ್ ಮಾಡ್ಬೇಡಿ, ಅಂಕಲ್!” ಎಂದು ಕೂಗಿ ಹೋದ.

ಚಂದ್ರಪ್ಪ ತಿರುಗಿ ಜೀಪಿನ ಹಿಂದೆ ಓಡಿದ. ಅದು ಅವನ ಗಾಡಿಯ ಸಮಕ್ಕೆ ಬರುತ್ತಲೇ ಹಿಂಭಾಗ ಬಾಲದಂತೆ ಅಲ್ಲಾಡಿತು. ಬ್ರೇಕಿನ ಕೆಂಪು ದೀಪ ಹತ್ತಿತು, ಚಕ್ರ ತಿರುಗುವುದು ನಿಂತಿತು, ಜೀಪು ಮಾತ್ರ ನಿಲ್ಲಲಿಲ್ಲ. ಸದ್ದೇ ಇಲ್ಲದೆ, ದೋಣಿ ಹೋದಂತೆ ಕೆಳಗೆ ಹೋಗುತ್ತಿತ್ತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಗುಡ್ಡಕ್ಕೆ ಒತ್ತಿ ನಿಂತ ಬಿಳಿ ಗಾಡಿ, ಎದುರಿಗೆ ತಿರುವು, ತಿರುವಿನ ಕೆಳಗೆ ಆ ನಗು.

ಎಲ್ಲಿತ್ತೋ ಉಸಿರು. “ಮೇರಿ ಗಾಡಿ ಮೇ ಮಾರೋ! ನನ್ನ ಗಾಡಿಗೆ ಗುದ್ದೋ! ಗುದ್ದೋ!”

ಚಂದನ್‌ಗೆ ಕೇಳಿಸಿತೋ, ಅವನಿಗೇ ಹೊಳೆಯಿತೋ, ಸ್ಟಿಯರಿಂಗ್ ಪೂರ್ತಿ ಎಡಕ್ಕೆ ಎಳೆದ. ಜೀಪು ಅರ್ಧ ಸುತ್ತು ತಿರುಗಿ, ಚಂದ್ರಪ್ಪ ಯಾರ ಬೆರಳೂ ತಾಕಗೊಡದ ಆ ಬಿಳಿ ಗಾಡಿಯ ಹೊಟ್ಟೆಗೆ ಹೋಗಿ ಬಡಿಯಿತು. ಕಿಟಕಿಯ ಗಾಜು ಉದುರಿತು. ಒಂದು ಹಾಲಿನ ಕ್ಯಾನು ಉರುಳಿ, ಗಾಜಿನ ರಸ್ತೆಯ ಮೇಲೆ ಠಣಠಣ ಎನ್ನುತ್ತಾ ತಿರುವು ದಾಟಿತು. ಕೆಳಗಿನ ನಗು ಥಟ್ಟನೆ ನಿಂತಿತು.

ಗಾಡಿ ಅಲುಗಲಿಲ್ಲ. ಗಡ್ಡೆಯಲ್ಲಿ ಹೂತ ಚಕ್ರಗಳು ಹಿಡಿದುಕೊಂಡವು. ಜೀಪಿನ ಮೂವರೂ ಇಳಿದರು, ಒಬ್ಬನ ಹಣೆಯಲ್ಲಿ ಸ್ವಲ್ಪ ರಕ್ತ. ಚಂದ್ರಪ್ಪ ಅವರನ್ನು ನೋಡಲಿಲ್ಲ, ಗಾಡಿಯನ್ನೂ ನೋಡಲಿಲ್ಲ. ಕೂತುಕೊಂಡೇ ರಸ್ತೆಯ ಮೇಲೆ ಜಾರಿಕೊಂಡು ತಿರುವಿನವರೆಗೆ ಹೋದ. ಕೆಳಗೆ ಕ್ಯಾನು ರಸ್ತೆಯ ನಡುವೆ ಬಿದ್ದಿತ್ತು, ಹಿಮದ ಮೇಲೆ ಹಾಲು ಆವಿಯಾಡುತ್ತಿತ್ತು. ಅದರಿಂದ ಎರಡು ಮಾರು ಆಚೆ, ಒಂದು ಪುಟ್ಟ ಹುಡುಗಿಯನ್ನು ತಬ್ಬಿಕೊಂಡು, ಮಯೂರಿ ದಿಬ್ಬಕ್ಕೆ ಒತ್ತಿ ನಿಂತಿದ್ದಳು. ಕೆಂಪು ಟೋಪಿ ಬಿದ್ದುಹೋಗಿತ್ತು. ಅಪ್ಪನನ್ನು ನೋಡಿದಳು.

ಹಳ್ಳಿಯೆಲ್ಲ ಸೇರಿತು. ಚಂದನ್ ಕೂಗುತ್ತಿದ್ದ: “ಯಾರು ನೀರು ಹೊಯ್ದದ್ದು? ಬೂದಿ ಯಾಕೆ ಹಾಕಲಿಲ್ಲ? ದೀದಿ, ನೀನಿದ್ದೂ ಹೀಗಾ?”

ಸುಶೀಲಾ ಒಮ್ಮೆ ಚಂದ್ರಪ್ಪನ ಕಡೆ ನೋಡಿ ನೆಲ ನೋಡಿದಳು. ಅವಳು ಹೇಳುವುದಿಲ್ಲ ಎಂದು ಅವನಿಗೆ ತಿಳಿಯಿತು. ಸುಮ್ಮನಿದ್ದರೆ ತಪ್ಪು ಆ ಹೆಂಗಸಿನ ತಲೆಯ ಮೇಲೇ ಬರುತ್ತಿತ್ತು. ಮಗಳು ಎದುರಿಗೇ ನಿಂತಿದ್ದಳು.

“ನಾನೇ,” ಎಂದ ಚಂದ್ರಪ್ಪ. “ನೀರು ಹೊಯ್ದವನು ನಾನು. ಬೂದಿ ಬೇಡ ಅಂತ ಬೈದು ಕಳಿಸಿದವನೂ ನಾನು. ದೀದಿಯದೇನೂ ತಪ್ಪಿಲ್ಲ.”

ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಸುಶೀಲಾ ಗೋಡೆಯ ಮೇಲಿದ್ದ ನಿನ್ನೆಯ ಬಾಣಲೆ ತಂದು ಅವನ ಕೈಗೆ ಕೊಟ್ಟಳು. ಬೂದಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಸಿಪ್ಪೆಯಾಗಿತ್ತು. ಒಡೆದು, ಹಿಡಿ ಹಿಡಿಯಾಗಿ, ಮೊಣಕಾಲ ಮೇಲೆ ತೆವಳುತ್ತಾ ಎರಚಿದ. ಸ್ವಲ್ಪ ಹೊತ್ತಿಗೆ ಮಯೂರಿ ಬಂದು ಪಕ್ಕದಲ್ಲಿ ಕೂತು ಬಾಣಲೆಗೆ ಕೈ ಹಾಕಿದಳು.

“ಪಪ್ಪಾ, ಆಪ್ ಹಮೇಶಾ ಕೂಗ್ತೀರಲ್ಲ,” ಎಂದಳು ಮೆಲ್ಲಗೆ. “ನನಗೆ ಹೇಗೆ ಗೊತ್ತಾಗ್ಬೇಕಿತ್ತು?”

ಚಂದ್ರಪ್ಪ ಬಾಣಲೆಯನ್ನು ಅವಳ ಕಡೆಗೆ ಸರಿಸಿದ.

ಗಾಡಿಯ ಬಲ ಮಗ್ಗುಲ ನೆಗ್ಗನ್ನು ಅವನು ಇವತ್ತಿಗೂ ತಟ್ಟಿಸಿಲ್ಲ. ಗಾಜು ಹಾಕಿಸಿದ, ಅಷ್ಟೇ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ, ವಾಸಂತಿಯನ್ನು ಕೇಳಿದರೆ ನಗುತ್ತಾಳೆ. ಆದರೆ ಗುಡ್ಡದ ರಸ್ತೆ ಹತ್ತಿದ ಮೇಲೆ ಅವನ ದನಿ ಏಳುವುದಿಲ್ಲ. ಅಲ್ಲಿ ಕೂಗು ಒಂದೇ ಒಂದು ಕೆಲಸಕ್ಕೆ ಬೇಕಾಗಬಹುದು, ಅದನ್ನು ಅವನು ಉಳಿಸಿಕೊಂಡಿರುತ್ತಾನೆ.

ಚಳಿಗಾಲದಲ್ಲಿ ಸೌಡಿಧಾರ್‌ಗೆ ಹೋದಾಗಲೆಲ್ಲ ಗಾಡಿ ಕೆಸರಾಗೇ ನಿಲ್ಲುತ್ತದೆ. ಹುಡುಗರು ಇಳಿದು ಹಿಮದ ಕಡೆ ಓಡಿದರೆ, ಚಂದ್ರಪ್ಪ ಇಸ್ತ್ರಿ ಬೂದಿಯ ಚೀಲ ಹೊತ್ತು ತಿರುವಿಗೆ ಇಳಿಯುತ್ತಾನೆ. ಸುಶೀಲಾ ತನ್ನ ಬಾಣಲೆ ತರುತ್ತಾಳೆ. “ದಿಲ್ಲಿ ಬೂದಿ ನುಣ್ಣಗಿದೆ ಭಯ್ಯಾ, ಹಿಡಿತ ಕಡಿಮೆ,” ಎಂದು ಪ್ರತಿ ಸಲ ಹಂಗಿಸುತ್ತಾಳೆ. ಅವನು ಮೇಲಿಂದ ಇನ್ನೊಂದು ಹಿಡಿ ಹಾಕುತ್ತಾನೆ.

ಬೆಳಿಗ್ಗೆ ಜೀಪಿನ ಹಾರ್ನ್ ಕೇಳಿದ ಕೂಡಲೇ ಚಹಾದ ಲೋಟ ಕೆಳಗಿಟ್ಟು ಹೊರಗೆ ಬರುತ್ತಾನೆ. ಬೂದಿ ಬಿದ್ದಿದೆ ಎಂದು ಗೊತ್ತು, ತಾನೇ ಹಾಕಿದ್ದು. ಆದರೂ ಜೀಪು ತಿರುವು ದಾಟಿ, ಅದರ ಸದ್ದು ಕೆಳಗಿನ ರಸ್ತೆಯಲ್ಲಿ ಮತ್ತೆ ಕೇಳಿಸುವವರೆಗೂ, ಗೋಡೆ ಹಿಡಿದ ಅವನ ಬೆರಳುಗಳು ಬೆಳ್ಳಗಾಗಿರುತ್ತವೆ.