ಅಂದಾನಪ್ಪನ ಮನೆಗಾಡಿ

ಇಳಕಲ್ಲಿನ ಅಂದಾನಪ್ಪ ಮೂವತ್ತೊಂದು ವರ್ಷ ಬಾಗಲಕೋಟೆಗೆ ಸರಕಾರಿ ಬಸ್ಸು ಓಡಿಸಿದ. ಬಾಗಲಕೋಟೆ ಹತ್ತಿರ ಹಿನ್ನೀರು ಕಂಡೊಡನೆ ಪ್ರಯಾಣಿಕರು ಕಿಟಕಿಗೆ ಮುಖ ಹಚ್ಚುತ್ತಿದ್ದರು. ಅವನ ಕಣ್ಣು ಎದುರಿನ ಲಾರಿಗಳ ಮೇಲೆ. "ನೀರು ಹಸರೋ ನೀಲಿನೋ ನನಗ ಗೊತ್ತಿಲ್ಲ. ಲಾರಿ ನಂಬರ್ ಬೇಕಾದ್ರ ಹೇಳ್ತೇನಿ" ಎಂದು ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಡಿಪೋದವರನ್ನೆಲ್ಲ ನಗಿಸಿದ್ದ.

ಮನೆಯಲ್ಲಿ ಕೂತ ಮೇಲೆ ನಗು ಬರಲಿಲ್ಲ. ನಸುಕಿನಲ್ಲೇ ಎದ್ದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಟ್ರಿಪ್ ಹೊಡೆಯತೊಡಗಿದ. ಕಾಟ ತಾಳದೆ ಮಗಳು ನೇತ್ರಾ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟಳು. ಯಾರೋ ಗಂಡಹೆಂಡತಿ ಗಾಡಿಯೊಳಗೇ ಹಾಸಿಗೆ, ಒಲೆ ಇಟ್ಟುಕೊಂಡು ಕೆರೆಯ ದಂಡೆಯಲ್ಲಿ ಚಹಾ ಕುಡಿಯುತ್ತಿದ್ದರು. ಅಂದಾನಪ್ಪ ಅದನ್ನು ನಾಲ್ಕು ಸಲ ನೋಡಿದ. ಐದನೆಯ ಸಲಕ್ಕೆ ಗಾಡಿ ಕೊಳ್ಳುವುದು ನಿಶ್ಚಯವಾಗಿತ್ತು.

ಸಿಕ್ಕದ್ದು ಯಾವುದೋ ದವಾಖಾನೆಯವರು ಮಾರಿದ ಹಳೆಯ ಆಂಬುಲೆನ್ಸ್. ಗ್ಯಾರೇಜಿನ ಗೆಳೆಯ ಚಾಂದಸಾಬ ಅದರೊಳಗೆ ಮಂಚ ಕೂರಿಸಿ, ಗ್ಯಾಸ್ ಒಲೆಗೆ ಕಟ್ಟೆ ಮಾಡಿ, ಹೊರಗೆಲ್ಲ ಬಿಳಿ ಬಣ್ಣ ಹೊಡೆದ. ಬಣ್ಣ ಒಣಗಿದರೂ ಹಳೆಯ ಕೆಂಪು ಅಕ್ಷರಗಳು ಇಣುಕುತ್ತಲೇ ಇದ್ದವು.

"ಇನ್ನೊಂದು ಕೈ ಹೊಡೀಲೇನಲೇ?"

"ಸಾಕ್ ಬಿಡು. ದೂರಿಂದ ಕಾಣಂಗಿಲ್ಲ," ಎಂದ ಅಂದಾನಪ್ಪ.

"ಗಟ್ಟಿಮುಟ್ಟ ಇರೋ ಹೆಂಗಸನ್ನ ಇದರಾಗ ಮಲಗಸ್ತೀರೇನು?" ಎಂದು ಹೆಂಡತಿ ಗುರುಲಿಂಗವ್ವ ಹಣೆ ಬಡಿದುಕೊಂಡಳು. ಆದರೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹಿನ್ನೀರಿಗೆಂದು ಗಾಡಿ ಹತ್ತಿದಳು.

ಅಮೀನಗಡ ಬಂತು. "ಕರದಂಟು ತಗೊಳ್ಳೂಣು, ನಿಲ್ಲಸ್ರಿ."

ಅಂದಾನಪ್ಪ ಗಡಿಯಾರ ನೋಡಿದ. "ಲೇಟ್ ಆಗೇತಿ."

"ಎದಕ್ಕ ಲೇಟು? ಕೆರಿ ಎದ್ದು ಹೋಗತೈತೇನು?"

ಅಂದಾನಪ್ಪ ಉತ್ತರ ಹುಡುಕುವಷ್ಟರಲ್ಲಿ ಅಮೀನಗಡ ಎರಡು ಮೈಲಿ ಹಿಂದೆ ಬಿದ್ದಿತ್ತು.

ಹಿನ್ನೀರಿನ ದಂಡೆಗೆ ಅರಣ್ಯದವರ ಒಂದು ಕುರುಚಲು ಕಾಡು, ಹೆಸರಿಗೆ ಉದ್ಯಾನ. ಕಾವಲುಗಾರ ಹನಮಂತಪ್ಪ ಗಾಡಿ ಕಂಡದ್ದೇ ಓಡಿಬಂದು ಗೇಟು ತೆರೆದು ಸೆಲ್ಯೂಟ್ ಹೊಡೆದ. ನಿವೃತ್ತನಾದರೂ ತನ್ನ ಮುಖದಲ್ಲಿ ಇನ್ನೂ ಏನೋ ಗತ್ತಿದೆ ಎಂದುಕೊಂಡ ಅಂದಾನಪ್ಪ ತಲೆಯಾಡಿಸಿ ಒಳಗೆ ಹೋದ.

ವಿಡಿಯೋದಲ್ಲಿ ಹಿಂಬಾಗಿಲು ನೀರಿಗೆ ಮುಖ ಮಾಡಿತ್ತು. ಇವನಿಗೂ ಹಾಗೇ ಬೇಕು. ಆದರೆ ಕಂಡಕ್ಟರನ ಸೀಟಿ ಇಲ್ಲದೆ ಅವನು ಗಾಡಿ ಹಿಂದೆ ತೆಗೆದವನೇ ಅಲ್ಲ. ಗುರುಲಿಂಗವ್ವ ಹಿಂದೆ ನಿಂತು "ಬರ್ರಿ, ಬರ್ರಿ" ಎನ್ನತೊಡಗಿದಳು. ಅಷ್ಟರಲ್ಲಿ ನೀರಲ್ಲೊಂದು ಹಕ್ಕಿ ಮುಳುಗಿತು. ಅದು ಎಲ್ಲಿ ಏಳುವುದೋ ಎಂದು ಅವಳು ನೋಡುತ್ತ ನಿಂತಳು. ಹಕ್ಕಿ ಎದ್ದಾಗ ಗಾಡಿಯ ಹಿಂದಿನ ಗಾಲಿಗಳು ಎರೆಮಣ್ಣಿನ ರಾಡಿಯಲ್ಲಿ ಅರ್ಧ ಹೂತಿದ್ದವು.

ಹನಮಂತಪ್ಪ ಕೂಗು ಹಾಕಿದ. ದಂಡೆಯಲ್ಲಿದ್ದ ಮೀನುಗಾರರು ಏಳೆಂಟು ಜನ ಓಡೋಡಿ ಬಂದರು.

"ಪೇಶಂಟ್ ಒಳಗ ಅದಾರೇನ್ರಿ?"

ಅಂದಾನಪ್ಪ 'ಇಲ್ಲ' ಎನ್ನಲು ಬಾಯಿ ತೆರೆದ. ಇಲ್ಲವೆಂದರೆ ಇವರು ದೂಡುತ್ತಾರೋ ಬಿಡುತ್ತಾರೋ! ತೆರೆದ ಬಾಯಿ ಮುಚ್ಚಿ ಸ್ಟೇರಿಂಗ್ ಹಿಡಿದ.

"ಜೀವದ ಪ್ರಶ್ನಿ ಐತ್ರೋ, ಜೋರ್ ಹಾಕ್ರಿ!" ಎಂದು ಹನಮಂತಪ್ಪ ಹುರಿದುಂಬಿಸಿದ.

ಗಾಡಿ ಜಿಗಿದು ಮೇಲೆ ಬಂತು. ಎದೆಮಟ್ಟ ರಾಡಿಯಾಗಿದ್ದ ಶ್ರೀಶೈಲನೆಂಬ ಮೀನುಗಾರ ಗಾಬರಿಯಿಂದ ಹಿಂಬಾಗಿಲು ತೆರೆದ. ಒಳಗೆ ಹೂವಿನ ಚಾದರ ಹಾಸಿದ ಮಂಚ, ರೊಟ್ಟಿಯ ಗಂಟು.

"ಎಲ್ಲಿ ಅದಾರ್ರಿ ಪೇಶಂಟು?"

ಅಂದಾನಪ್ಪ ಕೆಳಗಿಳಿದು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಾನ ರಿ."

"ಏನ್ ಜಡ್ಡು?"

"ಕುಂತಲ್ಲಿ ಕುಂದರಾಕ ಬರಂಗಿಲ್ಲ," ಎಂದಳು ಗುರುಲಿಂಗವ್ವ. "ರಿಟೈರ್ ಆದಾಗಿಂದ ಹತ್ತೇತಿ."

ಉಳಿದವರು ನಕ್ಕರು. ಶ್ರೀಶೈಲ ನಗಲಿಲ್ಲ. "ಮೀನಿನ ಬಲಿ ನೀರಾಗ ಬಿಟ್ಟು ಓಡಿ ಬಂದೇವ್ರಿ, ಯಜಮಾನ್ರ."

ಅಂದಾನಪ್ಪನ ಕಿವಿ ಬಿಸಿಯಾದವು. "ತಪ್ಪಾತಪಾ. ಖರೆ ಹೇಳಿದ್ರ ದೂಡಂಗಿಲ್ಲ ಅಂತ ತಿಳ್ಕೊಂಡೆ."

"ದೂಡ್ತಿದ್ವಿ. ಸ್ವಲ್ಪ ಸಾವಕಾಶ ದೂಡ್ತಿದ್ವಿ, ಅಷ್ಟ."

ಗುರುಲಿಂಗವ್ವ ರೊಟ್ಟಿಯ ಗಂಟು ಬಿಚ್ಚಿದಳು. ಎರಡು ರೊಟ್ಟಿ ತಿಂದ ಮೇಲೆ ಶ್ರೀಶೈಲನ ಸಿಟ್ಟೂ ಇಳಿಯಿತು. "ಇಲ್ಲಿಗೆ ಬಸ್ ಬರಂಗಿಲ್ರಿ. ನಾಳಿ ಮುಂಜಾನಿ ನಮ್ಮ ಹೆಣ್ಮಕ್ಕಳನ್ನ ಬಾಗಲಕೋಟಿ ಸಂತಿಗೆ ಮುಟ್ಟಸ್ರಿ, ಲೆಕ್ಕ ಚುಕ್ತಾ," ಎಂದ.

ವಿಶ್ರಾಂತಿಗೆಂದು ಬಂದಿದ್ದ ಅಂದಾನಪ್ಪ ಎದ್ದೇ ನಿಂತ. "ಎಷ್ಟ್ ಗಂಟೇಕ್ಕ ಬಿಡೂಣು?"

ಮರುದಿನ ಸರಿಯಾಗಿ ಆರಕ್ಕೆ ಹಾರ್ನ್ ಹೊಡೆದ. ಒಂಬತ್ತು ಹೆಂಗಸರು ಹತ್ತಿದರು. ಹೂವಿನ ಚಾದರದ ಮೇಲೆ ಐವರು ಕೂತರು. ಗುರುಲಿಂಗವ್ವ ಮಾತ್ರ ಗಾಡಿಯಿಂದ ಒಂದು ಕುರ್ಚಿ ಕೆಳಗಿಳಿಸಿಕೊಂಡಳು. "ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೇನಿ."

ಮಧ್ಯಾಹ್ನ ಅವನು ಮರಳಿದಾಗ ಅವಳು ಜಾಲಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಅಷ್ಟು ನಿರಾಳವಾದ ಮುಖವನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ.

"ನೀವು ಹ್ವಾದ ಮ್ಯಾಲ ಹಕ್ಕಿ ಬಂದಿದ್ವು ನೋಡ್ರಿ, ನೂರಾರು. ರೆಕ್ಕಿ ಎತ್ತಿದ್ರ ಗುಲಾಬಿ ಬಣ್ಣ."

"ಈಗೆಲ್ಲಿ ಅದಾವು?"

"ನಿಮ್ಮ ಹಾರ್ನ್ ಕೇಳಿ ಎದ್ದು ಹ್ವಾದ್ವು."

ಈಗ ತಿಂಗಳಿಗೊಮ್ಮೆ ಇಬ್ಬರೂ ಹೋಗುತ್ತಾರೆ. ಗುರುಲಿಂಗವ್ವ ಕೆರೆ ನೋಡುತ್ತಾಳೆ, ಅಂದಾನಪ್ಪ ಸಂತೆಗೆ ಟ್ರಿಪ್ ಹೊಡೆಯುತ್ತಾನೆ. ಕಳೆದ ಸಲ ಗಾಡಿಯ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಪೂರಾ ಒಂದು ತಾಸು ಅವಳ ಪಕ್ಕದಲ್ಲಿ ಕೂತಿದ್ದನಂತೆ. ಆ ಒಂದು ತಾಸಿನಲ್ಲಿ ನಾಲ್ಕು ಸಲ "ಕೀಲಿ ಎಲ್ಲಿಟ್ಟಿ?" ಎಂದು ಕೇಳಿದ್ದನ್ನು ಚಾಂದಸಾಬನ ಗ್ಯಾರೇಜಿನಲ್ಲಿ ಕೂತು ಅವನೇ ಹೇಳಿಕೊಂಡು ನಗುತ್ತಾನೆ.