ನನ್ನ ಪಾಲಿಗೆ ಬಂದ ಗಾಳಿ

ವಿಮಾನ ಹಾರಿಸಲು ನನಗೆ ಬರುವುದಿಲ್ಲ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ, ನಮಗೂ ಬರುವುದಿಲ್ಲ ಎಂದು ನೀವು ಅನ್ನಬಹುದು. ಆದರೆ ನೀವು ಭಾನುವಾರ ಬೆಳಿಗ್ಗೆ ಯುದ್ಧವಿಮಾನದ ಆಟ ಆಡುವ ಗೆಳೆಯರ ಜೊತೆ ಕೂಡುವವರಲ್ಲ; ನಾನು ಕೂಡುವವನು. ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಒಂದಿಷ್ಟು ವಾಲಿದರೆ ಸಾಕು, ನನ್ನ ಹೊಟ್ಟೆಯೂ ಅದೇ ಕಡೆಗೆ ವಾಲುತ್ತದೆ. ಗದಗಿನಿಂದ ಶಿರಹಟ್ಟಿಗೆ ಬಸ್ಸಿನಲ್ಲಿ ಹೋಗುವುದಕ್ಕೂ ಕಿಟಕಿಯ ಸೀಟು, ಕಿಸೆಯಲ್ಲೊಂದು ನಿಂಬೆಹಣ್ಣು ಬೇಕಾಗುವ ಮನುಷ್ಯ ನಾನು. ಹಾಗಾಗಿ ಗೆಳೆಯರು ನನಗೆ ನೆಲದ ಮೇಲಿನ ಕೆಲಸವೊಂದನ್ನು ಕೊಟ್ಟಿದ್ದಾರೆ. ಅವರು ಹಾರುತ್ತಾರೆ. ಅವರು ಹಾರುವ ಆಕಾಶಕ್ಕೆ ಗಾಳಿ, ಮೋಡ, ಮಳೆ ಒದಗಿಸುವವನು ನಾನು.

ಅವರು ಅಂದರೆ ಇಬ್ಬರೇ. ಲಕ್ಷ್ಮೇಶ್ವರದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಖಾದರ, ಮುಂಡರಗಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ವಿರೂಪಾಕ್ಷಿ. ನನ್ನದು ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ. ವಾರವಿಡೀ ಮೂವರಿಗೂ ಗಾಳಿಯ ಜೊತೆ ಜಗಳವೇ. ಅದು ಜೋರಾದರೆ ಖಾದರನ ಹತ್ತಿ ಓಣಿ ಸೇರುತ್ತದೆ, ವಿರೂಪಾಕ್ಷಿಯ ಅಂಗಡಿಯ ಮುಂದಿನ ಬೋರ್ಡು ಮಗುಚುತ್ತದೆ, ನನ್ನ ಗಿರಣಿಯ ಹಿಟ್ಟು ಪಕ್ಕದ ಮನೆಯವರು ಒಣಹಾಕಿದ ಸೀರೆಗೆ ಮೆತ್ತುತ್ತದೆ. ಭಾನುವಾರ ಮಾತ್ರ ಆ ಗಾಳಿಯನ್ನು ನಾವೇ ಕೈಯಾರೆ ತಯಾರಿಸಿಕೊಳ್ಳುತ್ತೇವೆ.

ಈ ಹುಚ್ಚು ಹಿಡಿದದ್ದು ಹರೆಯದಲ್ಲಿ. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸಿಗೆಂದು ಸೇರಿದ್ದೆವು. ಮೂವರಿಗೆ ಒಂದೇ ಮಷಿನ್. ಮಾಸ್ತರರು ಚಹಾಕ್ಕೆ ಹೋದರೆಂದರೆ ಅದರಲ್ಲಿದ್ದ ಹಳೆಯ ಮಹಾಯುದ್ಧದ ವಿಮಾನಗಳು ಹೊರಬರುತ್ತಿದ್ದವು. ಖಾದರ ಹಾರಿಸುತ್ತಿದ್ದ, ವಿರೂಪಾಕ್ಷಿ ಗುಂಡು ಹೊಡೆಯುತ್ತಿದ್ದ, ನಾನು ಕಣ್ಣುಮುಚ್ಚಿ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ದಿನ ಖಾದರನೇ ಅಂದ: "ಸುಮ್ನ ಕುಂಡ್ರೂ ಬದ್ಲಿ ಆ ಹವಾಮಾನದ ಪುಟಾ ತುಂಬಲೇ. ನಿನಗ ತಾಳ್ಮಿ ಐತಿ." ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ ಸಿಕ್ಕ ಆ ಖಾತೆ ಇವತ್ತಿಗೂ ನನ್ನ ಹತ್ತಿರವೇ ಇದೆ. ಈಗ ಮೂವರೂ ಅವರವರ ಮನೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂಡುತ್ತೇವೆ ಎನ್ನುವುದಷ್ಟೇ ವ್ಯತ್ಯಾಸ.

ಹವಾಮಾನದ ಪುಟವೆಂದರೆ ಏನೋ ದೊಡ್ಡದೆಂದು ತಿಳಿಯಬೇಡಿ. ಒಂದು ಮಿಷನ್, ಅಂದರೆ ಒಂದು ಸುತ್ತಿನ ಕಾಳಗ, ಶುರುವಾಗುವ ಮೊದಲು ಅಲ್ಲಿ ಕೆಲವು ಖಾಲಿ ಮನೆಗಳನ್ನು ತುಂಬಬೇಕು. ಮೋಡ ಎಷ್ಟು ಎತ್ತರದಲ್ಲಿರಲಿ, ಮಂಜು ಇರಲೋ ಬೇಡವೋ, ಗಾಳಿಯ ವೇಗವೆಷ್ಟು, ದಿಕ್ಕು ಯಾವುದು. ನೆಲದ ಮಟ್ಟಕ್ಕೊಂದು ಗಾಳಿ, ಅದರ ಮೇಲೊಂದು, ಇನ್ನೂ ಮೇಲೊಂದು. ಅಂತಸ್ತಿನ ಮನೆಯ ಹಾಗೆ. ದಿಕ್ಕನ್ನು ಡಿಗ್ರಿಯಲ್ಲಿ ಹೇಳಬೇಕು. ಉತ್ತರಕ್ಕೆ ಸೊನ್ನೆ, ಅಲ್ಲಿಂದ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಬಂದರೆ ಮೂಡಲಕ್ಕೆ ತೊಂಬತ್ತು, ಪಡುವಣಕ್ಕೆ ಇನ್ನೂರ ಎಪ್ಪತ್ತು. ಎಲ್ಲೆಲ್ಲೂ ಸುಳಿಯುವ ವಾಯುದೇವನನ್ನು ನಮ್ಮ ಹಿರಿಯರು ವಾಯವ್ಯದ ಒಂದು ಮೂಲೆಯಲ್ಲಿ ಕೂಡಿಸಿದರು. ಕವಿಗಳು ಅವನನ್ನು ದಕ್ಷಿಣದಿಂದ ಕರೆತಂದು, ಗಂಧದ ಮರಗಳ ನಡುವೆ ನಡೆಸಿ, ವಿರಹಿಗಳ ಮೈಗೆ ತಾಗಿಸಿದರು. ಆದರೆ ವೇಗ ಎಷ್ಟಿತ್ತೆಂದು ಒಬ್ಬ ಕವಿಯಾದರೂ ಬರೆದಿಡಲಿಲ್ಲ. ಆ ಉಳಿದ ಕೆಲಸವನ್ನು ನಾನು ಮಾಡುತ್ತಿದ್ದೇನೆ ಎಂದುಕೊಂಡು ಒಳಗೊಳಗೇ ಬೀಗುತ್ತೇನೆ.

ನನ್ನದೊಂದು ಪದ್ಧತಿಯಿದೆ. ಭಾನುವಾರ ಬೆಳಿಗ್ಗೆ ಚಹಾ ಕುಡಿದು ಮಾಳಿಗೆ ಹತ್ತುತ್ತೇನೆ. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ನೋಡುತ್ತೇನೆ. ಬೆರಳು ತೊಯ್ಸಿ ಎತ್ತಿ ಹಿಡಿಯುತ್ತೇನೆ. ನಮ್ಮಾಕಿ ಮೆಣಸಿನಕಾಯಿ ಹರವುತ್ತಾ ಕೇಳುತ್ತಾಳೆ: "ಇವತ್ತ ಮಳಿ ಬರಸ್ತೀರೇನ್ರಿ? ಬರಸೂದಾದ್ರ ಮೊದ್ಲ ನಮ್ಮ ಟಾಕಿ ತುಂಬ್ರಿ. ಆಮ್ಯಾಲ ಬೇಕಾದ್ರ ಜರ್ಮನಿಗೆ ಕಳಸ್ರಿ." ನಾನು ಗಂಭೀರವಾಗಿ ಕೆಳಗಿಳಿದು ಬಂದು ಪುಟ ತುಂಬುತ್ತೇನೆ. ಪರದೆಯ ಮೇಲೆ ಯಾವುದೋ ದೇಶದ ಹಿಮದ ಬೆಟ್ಟ, ಯಾವುದೋ ಕಾಲದ ಯುದ್ಧ. ಅಲ್ಲಿ ಬೀಸುವ ಗಾಳಿ ಮಾತ್ರ ಬೆಟಗೇರಿಯದು.

ಬೆಟಗೇರಿಯದು ಎಂದದ್ದು ಪೂರ್ತಿ ಖರೆಯಲ್ಲ. ಅದು ಬಾಳೆಹೊಸೂರಿನದು. ಅಲ್ಲಿ ನಮ್ಮ ದೊಡ್ಡಪ್ಪನ ಕಣವಿತ್ತು. ಸುಗ್ಗಿಯಲ್ಲಿ ತುಳಿಸಿದ ಜೋಳ ರಾಶಿ ಬಿದ್ದಿರುತ್ತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿನ ಪಡುಗಾಳಿಗೆ ಎಲ್ಲರೂ ಕಾಯುತ್ತಿದ್ದರು. ದೊಡ್ಡಪ್ಪ ಮೂರು ಕಾಲಿನ ಎತ್ತರದ ಅಟ್ಟಣಿಗೆ ಹತ್ತಿ ನಿಲ್ಲುವನು. ಬುಟ್ಟಿ ತುಂಬಿ ಕೊಡುವ ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಿನಿಂದ ಬಿಡುವುದು ನಮ್ಮ ಮನೆಯ ವಾಡಿಕೆ. ಹೊಟ್ಟು ಎತ್ತ ಹೋಗಿ ಬೀಳುತ್ತದೋ ನೋಡಿ ಆಮೇಲೆ ತೂರುವುದು. ಆ ಒಂದು ಹಿಡಿ ಬಿಡದೆ ತೂರಿದರೆ ಗಾಳಿಗೆ ಸಿಟ್ಟು ಬರುತ್ತದೆಂದು ದೊಡ್ಡಪ್ಪ ಹೇಳುತ್ತಿದ್ದ.

ಇನ್ನೊಂದು ವಾಡಿಕೆಯೂ ಇತ್ತು. ತೂರುವಾಗ ನಡುವೆ ಗಾಳಿ ಬಿದ್ದುಹೋಗುತ್ತದಲ್ಲ, ಆಗ "ಗಾಳಿ ನಿಂತಿತು" ಎಂದು ಕಣದಲ್ಲಿ ಯಾರೂ ಅನ್ನುವಂತಿರಲಿಲ್ಲ. ಹಾಗಂದರೆ ಅದು ನಿಂತೇಬಿಡುತ್ತದಂತೆ. "ಗಾಳಿ ಉಣ್ಣಾಕ ಹೋಗೈತಿ" ಅನ್ನಬೇಕು. ಉಣ್ಣಲು ಹೋದವರು ಮರಳಿ ಬಂದೇ ಬರುತ್ತಾರಲ್ಲ! ಕಣದ ಅಂಚಿನ ಹುಣಸೆಮರದ ತಲೆ ಮಾತ್ರ ಮೇಲೆ ಅಲ್ಲಾಡುತ್ತಿರುತ್ತಿತ್ತು, ಕೆಳಗೆ ಒಂದು ಎಳೆ ಹೊಟ್ಟೂ ಮಿಸುಕುತ್ತಿರಲಿಲ್ಲ. ಎಲ್ಲರೂ ಬುಟ್ಟಿ ಕೆಳಗಿಟ್ಟು, ಬೆವರು ಒರೆಸಿಕೊಂಡು, ಉಂಡು ಬರುವವನ ದಾರಿ ಕಾಯುತ್ತಿದ್ದೆವು. ಹೈಸ್ಕೂಲಿನ ಸೂಟಿಯಲ್ಲಿ ಖಾದರನೂ ನನ್ನ ಜೊತೆ ಬರುತ್ತಿದ್ದ. ಒಮ್ಮೆ ತಿಳಿಯದೆ, "ದೊಡ್ಡಪ್ಪಾರ, ಗಾಳಿ ನಿಂತತಿ" ಅಂದುಬಿಟ್ಟ. ದೊಡ್ಡಪ್ಪ ಅಟ್ಟಣಿಗೆಯ ಮೇಲಿಂದಲೇ, "ಏ ಪಿಂಜಾರ ಧಣಿ, ಹಂಗನ್ನಬಾರದಪಾ. ನೀ ಉಣ್ಣಾಕ ಹೋದಾಗ ಯಾರರ ನೀ ಸತ್ತಿ ಅಂದ್ರ ಹೆಂಗಿರತೈತಿ?" ಎಂದು ನಗಿಸಿದ್ದ.

ಇಷ್ಟು ವರ್ಷ ನಡೆಸಿದ ಖಾತೆ ಮೊನ್ನೆ ನನ್ನ ಕೈ ಜಾರುವುದರಲ್ಲಿತ್ತು. ವಿರೂಪಾಕ್ಷಿ ಹಳೆಯ ಆಟ ಸಾಕೆಂದು ಹೊಸದೊಂದನ್ನು ಮೂವರ ಕಂಪ್ಯೂಟರಿಗೂ ಹಾಕಿಸಿದ. ಮೋಡಗಳು ಖಾದರನೇ ಹಿಂಜಿದ ಹತ್ತಿಯಂತಿದ್ದವು. ನಾನು ಎಂದಿನಂತೆ ಮಾಳಿಗೆ ಹತ್ತಿ ಇಳಿದು, ಪಡುಗಾಳಿಗೆಂದು ಇನ್ನೂರ ಎಪ್ಪತ್ತು ತುಂಬಿದೆ. ಕಾಳಗ ಮುಗಿಸಿ ಖಾದರ ಮರಳಿ ಇಳಿಯುವ ಹೊತ್ತು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿಯೇ ಇಳಿಯಬೇಕು. ಇದನ್ನು ನಾವು ಕಲಿತದ್ದು ಶಿರಹಟ್ಟಿ ಕಡೆಯ ಮಾಗಡಿಯ ಕೆರೆಯ ದಂಡೆಯಲ್ಲಿ. ಚಳಿಗಾಲಕ್ಕೆ ಬರುವ ಹೆಬ್ಬಾತುಗಳು ಒಂದೂ ತಪ್ಪದೆ ಗಾಳಿಗೆ ಎದೆಕೊಟ್ಟು, ಕಾಲು ಮುಂದೆ ಚಾಚಿ ನೀರಿಗಿಳಿಯುವುದನ್ನು ನೋಡಿ ಖಾದರ, "ನೋಡಲೇ, ಗಾಳಿನ ಬ್ರೇಕ್ ಮಾಡ್ಕೊಂಡಾವು" ಅಂದಿದ್ದ.

"ಎತ್ಲಾಗಿಂದ ಐತೋ ಗಾಳಿ?" ಹೆಡ್‌ಫೋನಿನಲ್ಲಿ ಖಾದರ ಕೇಳಿದ.

"ಪಡುವಲಾಗಿಂದ. ಪಡುವಲಕ್ಕ ಮುಖಾ ಮಾಡಿ ಇಳಿ" ಅಂದೆ.

ಅವನು ಇಳಿದ. ಇಳಿಯಲಿಲ್ಲ ಅನ್ನಬೇಕು. ವಿಮಾನ ನೆಲ ಮುಟ್ಟಲು ಒಲ್ಲೆನೆಂದು ತೇಲುತ್ತಲೇ ಹೋಯಿತು. ಮುಟ್ಟಿದ್ದು ನಿಲ್ಲಲೊಲ್ಲದೆ ಓಡಿತು. ರನ್‌ವೇ ಮುಗಿದರೂ ಓಡಿ, ಬೇಲಿ ಮುರಿದು, ಗಿಡಗಳ ನಡುವೆ ಬೆಂಕಿ ಹತ್ತಿಕೊಂಡಿತು.

"ಬೆನ್ನಿಗೆ ಗಾಳಿ ಇತ್ತಲೇ!" ವಿರೂಪಾಕ್ಷಿ ಕೂಗಿದ. "ಏನ್ ತುಂಬಿಯೋ ಅಲ್ಲಿ? ಹಿಟ್ಟ ಬೀಸಿದ್ಹಾಂಗ ಕಣ್ಣಮುಚ್ಚಿ ಗಾಳಿ ಬೀಸಿದಿ ಏನು?"

ಮುಂದಿನ ವಾರವೂ ಹಾಗೆಯೇ ಆಯಿತು. ಆ ಹೊಸ ಆಟದ ನೆಲದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವೊಂದು ಕಂಬದ ಮೇಲೆ ಹಾರಾಡುತ್ತಲೇ ಇತ್ತು. ಎರಡೂ ಸಲ ಖಾದರ ಅದನ್ನು ನೋಡಿರಲಿಲ್ಲ, ನನ್ನನ್ನು ಕೇಳಿದ್ದ. ನನಗೆ ಚುಚ್ಚಿದ್ದು ಅದು.

ವಿರೂಪಾಕ್ಷಿ ತೀರ್ಪು ಕೊಟ್ಟ: "ಇದರಾಗ ಒಂದು ಬಟನ್ ಐತಿ. ಒತ್ತಿದ್ರ ಗಾಳಿ, ಮೋಡಾ ಎಲ್ಲಾ ತಾನ ಹಾಕ್ಕೊಂತೈತಿ. ಬರೂ ವಾರದಿಂದ ಅದನ್ನ ಒತ್ತೂಣು. ನೀ ಆರಾಮ ಕುಂಡ್ರು."

ಆರಾಮ ಕೂಡುವುದು! ಆ ಭಾನುವಾರ ನಾನು ಮಾಳಿಗೆ ಹತ್ತಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಟನ್ನಿನ ಗಾಳಿ ಬೀಸಿತು, ಬಟನ್ನಿನ ಮಳೆ ಹೊಯ್ದಿತು. ಅವರಿಬ್ಬರೂ ತಮ್ಮ ತಮ್ಮ ಗದ್ದಲದಲ್ಲಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಾರಲು ಬಾರದವನಿಗೆ ಗಾಳಿಯೂ ಇಲ್ಲವೆಂದಮೇಲೆ ಅಲ್ಲೇನು ಕೆಲಸ? ಇನ್ನೆರಡು ವಾರ ಕೂಡುತ್ತೇನೆ, ಆಮೇಲೆ ಒಂದು ವಾರ ಲಗ್ನವೆಂದು ತಪ್ಪಿಸುತ್ತೇನೆ, ಆಮೇಲೆ ನಾನು ತಪ್ಪಿಸಿದ್ದೂ ಅವರಿಗೆ ತಿಳಿಯುವುದಿಲ್ಲ. ಎಷ್ಟು ಗೆಳೆತನಗಳು ಹೀಗೆಯೇ ತೀರುತ್ತವೆ! ಜಗಳವಾಡಿ ಅಲ್ಲ, ಕೇಳುವ ಮಾತು ತೀರಿಹೋಗಿ. ನಮ್ಮಾಕಿ ಒಳಗೆ ಬಂದು ಮುಖ ನೋಡಿ, "ಯಾಕ್ರಿ, ನಿಮ್ಮ ಖಾತೆ ಕಸಗೊಂಡ್ರೇನು? ಮಂತ್ರಿಗೋಳೂ ಹಿಂಗ ಕುಂಡ್ರತಾರ ಬಿಡ್ರಿ" ಅಂದಳು. ನಗು ಬರಲಿಲ್ಲ.

ಮರುದಿನ ಗಿರಣಿಯಲ್ಲಿ ಯಾರೋ ಜೋಳದ ಚೀಲ ಸುರುವಿದರು. ತೊಟ್ಟಿಯ ಬಾಯಲ್ಲಿ ಒಂದಿಷ್ಟು ಹೊಟ್ಟು ಎದ್ದು ಬಾಗಿಲ ಕಡೆ ತೇಲಿಹೋಯಿತು. ಅಲ್ಲಿಯೇ ನೆನಪಾಯಿತು: ಹೊಸ ಕಣಕ್ಕೆ ಬಂದು ನಾನು ಒಂದು ಹಿಡಿ ಹೊಟ್ಟು ಬಿಟ್ಟೇ ಇರಲಿಲ್ಲ.

ಮಧ್ಯಾಹ್ನ ಕಂಪ್ಯೂಟರ್ ತೆರೆದೆ. ಹೊಸ ಆಟದಲ್ಲಿ ಹೊಟ್ಟು ಎಲ್ಲಿಂದ ಬರಬೇಕು? ನೆಲದ ಮೇಲೆ ಬೆಂಕಿಯೊಂದನ್ನು ಇಡಲು ಬರುತ್ತಿತ್ತು. ಇಟ್ಟು, ಇನ್ನೂರ ಎಪ್ಪತ್ತು ತುಂಬಿ, ಹೊಗೆ ನೋಡಿದೆ. ಹೊಗೆ ಪಡುವಣಕ್ಕೆ ಹೋಗುತ್ತಿತ್ತು! ಹಳೆಯ ಆಟ ಗಾಳಿ ಎಲ್ಲಿಂದ ಬರುತ್ತದೆಂದು ಕೇಳುತ್ತಿತ್ತು. ಹೊಸದು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಿದೆ. ಅಷ್ಟೇ. ನಮ್ಮ ಕಡೆಯವರು ಗಾಳಿಯನ್ನು ಅದರ ತವರಿನಿಂದ ಗುರುತಿಸುವವರು. ಮೂಡಗಾಳಿ ಮೂಡಲಿಂದ ಬಂದದ್ದು, ಪಡುಗಾಳಿ ಪಡುವಲಿಂದ ಬಂದದ್ದು. ಸೊಸೆಯನ್ನೂ ಹಾಗೆಯೇ ಕರೆಯುತ್ತೇವಲ್ಲ, ಡಂಬಳದಾಕಿ, ಮುಂಡರಗಿಯಾಕಿ ಎಂದು. ಎಲ್ಲಿಗೆ ಹೋಗುತ್ತದೆಂದು ಗಾಳಿಯನ್ನು ಯಾರು ಕೇಳುತ್ತಾರೆ? ತೂರಲು ನಿಂತ ದೊಡ್ಡಪ್ಪನೊಬ್ಬ ಕೇಳುತ್ತಿದ್ದ.

ವಿರೂಪಾಕ್ಷಿಗೆ ಫೋನ್ ಮಾಡಿ, ಇನ್ನೊಂದೇ ಭಾನುವಾರ ಗಾಳಿಯನ್ನು ನನಗೆ ಬಿಡು ಎಂದು ಕೇಳಿದೆ. "ಒಂದ ನೋಡಪಾ" ಅಂದ ಅವನು, "ಖಾದರ ಮತ್ತ ಗಿಡಕ್ಕ ಹೋಗಿ ಬಡದ್ನಂದ್ರ ಬಟನ್ನ ಖಾಯಂ."

ಮೇಲಿನ ಎರಡೂ ಅಂತಸ್ತಿನಲ್ಲಿ ಜೋರು ಪಡುಗಾಳಿ ಇಟ್ಟೆ. ಈ ಸಲ ತೊಂಬತ್ತು ಎಂದು ತುಂಬಿ, ಹೊಗೆ ಮೂಡಲಕ್ಕೆ ಹೋದದ್ದನ್ನು ಕಣ್ಣಾರೆ ನೋಡಿ. ನೆಲದ ಅಂತಸ್ತಿನಲ್ಲಿ ಮಾತ್ರ ಕೈ ತಡೆಯಿತು. ಹುಣಸೆಮರದ ತಲೆ ಕಣ್ಣ ಮುಂದೆ ಬಂತು. ಅಲ್ಲಿ ಸೊನ್ನೆ ಹಾಕಿದೆ.

ಆ ಭಾನುವಾರ ಖಾದರ ಮೋಡ ಸೀಳಿಕೊಂಡು ಇಳಿಯತೊಡಗಿದ. ಹೆಡ್‌ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಈಗ ಚೀಲ ನೋಡುತ್ತಾನೆ, ನೋಡಲೇಬೇಕು ಎಂದುಕೊಂಡೆ.

"ಎತ್ಲಾಗಿಂದ ಐತೋ ಗಾಳಿ?"

"ಪಡುವಲಾಗಿಂದ" ಅಂದೆ.

ಎರಡು ಸಲ ಅದೇ ಮಾತು ಕೇಳಿ ಉರಿದುಹೋದವನು ಮತ್ತೆ ಪಡುವಲಕ್ಕೇ ಮುಖ ಮಾಡಿದ. ಗಾಳಿ ಅವನನ್ನು ಎದುರಿನಿಂದ ಹಿಡಿದು ಹಿಡಿದು ಇಳಿಸುತ್ತಿತ್ತು. ನೆಲ ಹತ್ತಿರವಾಯಿತು. ಒಮ್ಮೆಲೇ ವಿಮಾನದ ತೊನೆದಾಟವೆಲ್ಲ ಅಡಗಿತು. ಮೇಲೆ ಹಿಂದಿನಿಂದ ಬರುತ್ತಿದ್ದ ವಿರೂಪಾಕ್ಷಿ ಕಂಬದ ಮೇಲಿನ ಚೀಲ ಜೋತುಬಿದ್ದದ್ದು ಕಂಡು ಬೊಬ್ಬೆ ಹೊಡೆದ: "ಏ, ಕೆಳಗ ಗಾಳಿ ನಿಂತತಲೇ! ಖಾದರಾ, ಹುಷಾರ್!"

ಖಾದರನ ಗಾಲಿಗಳು ನೆಲಕ್ಕೆ ತಾಗಿದ ಸಪ್ಪಳ ಕೇಳಿತು. ಓಡಿದ, ನಿಧಾನವಾದ, ರನ್‌ವೇಯ ನಡುವೆಯೇ ನಿಂತ. ಎಂಜಿನ್ ಆರಿಸಿದ. ಆಮೇಲೆ ಮೆಲ್ಲಗೆ ಅಂದ:

"ನಿಂತಿಲ್ಲೋ ವಿರೂಪಾಕ್ಷಿ. ಹಂಗನ್ನಬಾರದು. ಉಣ್ಣಾಕ ಹೋಗೈತಿ."

ಬಾಳೆಹೊಸೂರಿನ ಆ ಕಣದಲ್ಲಿ ಈಗ ಯಾರೂ ಗಾಳಿಗೆ ಕಾಯುವುದಿಲ್ಲ. ಯಂತ್ರ ಬಂದು ಒಂದು ಕಡೆ ಕಾಳು, ಒಂದು ಕಡೆ ಹೊಟ್ಟು ಉಗುಳಿ ಹೋಗುತ್ತದೆ. ಪಡುಗಾಳಿ ಇವತ್ತಿಗೂ ಅದೇ ಹೊತ್ತಿಗೆ ಬಂದು, ಕೆಲಸ ಸಿಗದ ಕೂಲಿಯಂತೆ ಸುಮ್ಮನೆ ಹಾದುಹೋಗುತ್ತಿರಬೇಕು. ನಾನು ಅದಕ್ಕೆ ವಾರಕ್ಕೊಂದು ದಿನದ ಕೆಲಸ ಕೊಟ್ಟಿದ್ದೇನೆಂದು ತಿಳಿದಿದ್ದೆ. ಕೆಲಸ ಕೊಟ್ಟವರು ಯಾರು, ಸಿಕ್ಕಿದ್ದು ಯಾರಿಗೆ ಎಂದು ಆ ಹೊತ್ತು ಗೊತ್ತಾಯಿತು.

ವಿರೂಪಾಕ್ಷಿಗೆ ತಾನೂ ಸುಖವಾಗಿ ಇಳಿದ ಹುರುಪು. "ಆತು ಬಿಡಪಾ, ಬಟನ್ ಬ್ಯಾಡ" ಅಂದ. "ಇನ್ನೊಂದ ಮಿಷನ್ ಹೊಡಿಯೂಣು. ಜಲ್ದಿ ಹೇಳು, ಗಾಳಿ ಏನ್ ಹಾಕ್ತಿ?"

ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತು, ತಟ್ಟೆ ಇಡುವ ಸಪ್ಪಳ ಕೇಳಿತು. ನಾನು ಹೆಡ್‌ಫೋನ್ ತೆಗೆಯುತ್ತಾ ಹೇಳಿದೆ:

"ಒಂದೀಟ ತಡಿಯಲೇ. ಗಾಳಿ ಉಣ್ಣಾಕ ಹೊಂಟೈತಿ."