ಮುಂಗಡ ನಮಸ್ಕಾರ

ಅದು ೧೯೩೬ರ ಮಳೆಗಾಲ. ಮಂಗಳೂರಿನ ನದಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಎರಡನೇ ಫಿಟ್ಟರ್ ಆಗಿದ್ದೆ. ಹಂಚು ಒತ್ತುವ ಪ್ರೆಸ್ಸು, ಮಣ್ಣು ಅರೆಯುವ ಯಂತ್ರ, ಇವೆರಡೂ ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಿಷನ್ ಶಾಲೆಯ ಇಂಗ್ಲಿಷ್ ಬರುತ್ತಿದ್ದುದರಿಂದ ಇನ್ನೊಂದು ಕೆಲಸವೂ ಮೈಮೇಲೆ ಬಿದ್ದಿತ್ತು. ಎಂಜಿನಿಯರ್ ಡಂಕನ್ ದೊರೆ ಹೇಳಿದ್ದನ್ನು ಆಳುಗಳಿಗೂ, ಆಳುಗಳು ಹೇಳಿದ್ದನ್ನು ದೊರೆಗೂ ದಾಟಿಸುವುದು. ಬೈಗುಳ ದಾಟಿಸುವಾಗ ಮಾತ್ರ ಎರಡೂ ಕಡೆ ಸ್ವಲ್ಪ ನೀರು ಬೆರೆಸುತ್ತಿದ್ದೆ.

ಡಂಕನ್ ದೊರೆ ಸ್ಕಾಟ್ಲೆಂಡಿನವರು. ವಾರವಿಡೀ ಎರಕದ ಕಾರ್ಖಾನೆಯಲ್ಲಿ ದುಡಿದು, ಶನಿವಾರ ಮಧ್ಯಾಹ್ನ ಫುಟ್ಬಾಲ್ ಆಡುತ್ತಿದ್ದವರು. ಅವರ ತಂಡ ಎರಡನೇ ಡಿವಿಷನ್ನಿನದು. ಮೇಲಿನ ಡಿವಿಷನ್ನಿಗೆ ಅದು ಒಮ್ಮೆಯೂ ಏರಲಿಲ್ಲ. ಅಲ್ಲಿ ಅವರು ಒಂಬತ್ತು ವರ್ಷ ಹಾಫ್‌ಬ್ಯಾಕ್. ಹಾಫ್‌ಬ್ಯಾಕ್ ಎಂದರೆ ಮೈದಾನದ ನಡುವೆ ನಿಲ್ಲುವವನು. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಬೇಕು, ಮುಂದಿರುವ ತನ್ನವನಿಗೆ ಒಪ್ಪಿಸಬೇಕು. ಗೋಲು ಹೊಡೆಯುವ ಭಾಗ್ಯ ಮುಂದಿನವನದು. ಕೊನೆಗೆ ಬಲ ಮೊಣಕಾಲು ಕೆಟ್ಟು ಆಟ ಬಿಟ್ಟರು, ಹಡಗು ಹತ್ತಿದರು, ನಮ್ಮೂರಿಗೆ ಬಂದರು.

ಒಮ್ಮೆ ಪ್ರೆಸ್ಸಿನ ಅಡಿಯಲ್ಲಿ ಇಬ್ಬರೂ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದಾಗ ಅವರು ಒಂದು ಕಥೆ ಹೇಳಿದರು. ಅವರಿಂದ ಚೆಂಡು ಪಡೆದು ಗೋಲು ಹೊಡೆಯುತ್ತಿದ್ದ ಹುಡುಗನನ್ನು ದೊಡ್ಡ ತಂಡವೊಂದು ಕೊಂಡೊಯ್ಯಿತಂತೆ. ಚೆಂಡು ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲವಂತೆ.

"ನಿಮಗೆ ಬೇಸರ ಆಗ್ಲಿಲ್ವಾ?" ಎಂದೆ.

"ಅವನಿಗೆ ಗೊತ್ತಿತ್ತಲ್ಲ. ಸ್ಪ್ಯಾನರ್ ಕೊಡು," ಎಂದರು.

ಆಳುಗಳ ತಂಡ ಕಟ್ಟಿದವರೇ ಈ ದೊರೆ. ಅದರಲ್ಲಿ ನಾನು ಗೋಲ್‌ಕೀಪರ್. ನಡುವೆ ನಿಲ್ಲುತ್ತಿದ್ದವನು ಹಂಚು ಸುಡುವ ಆವೆಗೆ ಕಟ್ಟಿಗೆ ಒಟ್ಟುವ ಸಂಜೀವ. ಬರಿಗಾಲಿನಲ್ಲಿ ಅವನು ಚೆಂಡು ಹಿಡಿದರೆ ಅದು ಅವನ ಸಾಕುಪ್ರಾಣಿಯ ಹಾಗೆ ಜೊತೆಗೇ ಬರುತ್ತಿತ್ತು. ದೊರೆ ಸಂಜೆಯೆಲ್ಲ ಅವನ ಪಕ್ಕದಲ್ಲೇ ಕುಂಟುತ್ತಾ ಓಡಿ, ಯಾವಾಗ ಕಸಿಯಬೇಕು, ಯಾರಿಗೆ ಕೊಡಬೇಕು ಎಂದು ತೋರಿಸುತ್ತಿದ್ದರು.

ಆ ವರ್ಷ ಸಂಜೀವನ ಮುಂದೆ ಒಂದು ದಾರಿ ತೆರೆದಿತ್ತು. ಮಳೆಗಾಲದಲ್ಲಿ ಆವೆ ಆರಿದರೆ ಅವನ ಮನೆಯ ಒಲೆಯೂ ಅರ್ಧ ಆರುತ್ತಿತ್ತು. ಹೆಂಡತಿ ತುಂಬು ಬಸುರಿ. ಪೊಲೀಸರ ತಂಡಕ್ಕೆ ಒಬ್ಬ ಒಳ್ಳೆಯ ಆಟಗಾರ ಬೇಕಿತ್ತು. ಆಯ್ಕೆಯಾದವನಿಗೆ ಕಾನ್‌ಸ್ಟೇಬಲ್ ಕೆಲಸ, ಹನ್ನೆರಡು ತಿಂಗಳೂ ಸಂಬಳ. ದೊರೆಗಳ ಕ್ಲಬ್ಬಿಗೂ ನಮಗೂ ಪ್ರತಿವರ್ಷ ನಡೆಯುವ ಪಂದ್ಯವನ್ನು ನೋಡಲು ಇನ್‌ಸ್ಪೆಕ್ಟರರು ಬರುವುದೆಂದಾಯಿತು.

ತೊಡಕು ಇದ್ದದ್ದು ಅಲ್ಲೇ. ಬಿಳಿಯರು ಬಿಳಿಯರ ಕಡೆಗೇ ಆಡಬೇಕೆಂಬುದು ಕ್ಲಬ್ಬಿನ ಕಟ್ಟಳೆ. ಹಾಗಾಗಿ ಡಂಕನ್ ದೊರೆ ಆ ದಿನ ನಮ್ಮ ಎದುರು ನಿಂತರು, ಅದೂ ಸಂಜೀವನಿಗೆ ಮುಖಾಮುಖಿಯಾಗಿ.

ಮೈದಾನದಲ್ಲಿ ಹಿಮ್ಮಡಿ ಮುಳುಗುವಷ್ಟು ಕೆಸರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮ ಸಂಜೀವ ಸಂಜೀವನಾಗಿಲ್ಲ ಎಂದು ನನಗೆ ಗೊತ್ತಾಯಿತು. ದೊರೆ ಚೆಂಡು ತಂದರೆ ಸಾಕು, ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಅವನ ಹೆಬ್ಬೆರಳು ದೊರೆಯ ಬೂಟಿಗೆ ತಾಗಿಯೇ ಹೋಯಿತು. ತಾಗಿದ್ದೇ ತಡ, ಮನೆಯಲ್ಲಿ ಹಿರಿಯರಿಗೆ ಕಾಲು ತಾಗಿದರೆ ನಾವೆಲ್ಲ ಮಾಡುವ ಹಾಗೆ, ಅವನು ಅಲ್ಲೇ ಬಗ್ಗಿ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. ದೊರೆ ಕಾಯುವವರಲ್ಲ. ಆಟ ಎಂದರೆ ಆಟ. ಚೆಂಡನ್ನು ಮುಂದಕ್ಕೆ ಕೊಟ್ಟರು. ನಾನು ಬಲೆಯಿಂದ ಚೆಂಡು ಹೆಕ್ಕುವಾಗಲೂ ಸಂಜೀವನ ಕೈ ಕಣ್ಣಿನ ಮೇಲೆಯೇ ಇತ್ತು! ಜನ ಹೊಟ್ಟೆ ಹಿಡಿದು ನಕ್ಕರು. ಇನ್‌ಸ್ಪೆಕ್ಟರರೂ ನಕ್ಕರು.

ವಿರಾಮದಲ್ಲಿ ಇನ್‌ಸ್ಪೆಕ್ಟರರು ಕುರ್ಚಿಯಿಂದ ಎದ್ದು ಕೊಡೆ ಬಿಡಿಸುತ್ತಿದ್ದರು. ಡಂಕನ್ ದೊರೆ ಕುಂಟುತ್ತಾ ನೇರ ನಮ್ಮ ಕಡೆಗೆ ಬಂದರು. ಮುಖ ಕೆಂಪಾಗಿತ್ತು.

"ಅವನಿಗೆ ಹೇಳು. ನನ್ನ ಕಾಲಿಗೆ ಹೆದರಿ ಆಡಿದರೆ ಅದು ನನಗೆ ಅವಮಾನ. ಕಲಿಸಿದ್ದು ಇದಕ್ಕಲ್ಲ."

ಈ ಸಲ ನಾನು ನೀರು ಬೆರೆಸಲಿಲ್ಲ. ಸಂಜೀವ ತಲೆ ತಗ್ಗಿಸಿದ. "ನಂಗೆ ಆಗುದಿಲ್ಲ ಪೊರ್ಬುಗಳೇ," ಎಂದ. ನಮ್ಮಂಥ ಕ್ರಿಸ್ತುವರನ್ನು ಇಲ್ಲಿ ಕರೆಯುವುದೇ ಹಾಗೆ. "ಕಲಿಸಿದವರು ಅವರು. ಅನ್ನ ಕೊಟ್ಟವರೂ ಅವರೇ. ಅವರಿಗೆ ಕಾಲು ತಾಗಿಸಿ, ಮುಟ್ಟಿ ನಮಸ್ಕಾರ ಸಹ ಮಾಡದೆ ಓಡುದು ಹೇಗೆ? ಅದೂ ಆ ಮೊಣಕಾಲಿಗೆ?"

ಪಕ್ಕದಲ್ಲಿ ಬೀಡಿ ಹಚ್ಚಲು ಹೆಣಗುತ್ತಿದ್ದ ಆವೆಯ ಮೇಸ್ತ್ರಿ ಬಾಬಣ್ಣ ರೇಗಿದ. "ಎಂತ ಮಾರಾಯ ನಿನ್ನದು! ಮತ್ತೆ ಮಾಡುವ ನಮಸ್ಕಾರ ಈಗ್ಲೇ ಮಾಡಿ ಮುಗಿಸು. ದೊರೆ ಎದುರೇ ಇದ್ದಾರಲ್ಲ!"

ಬಾಬಣ್ಣ ಹೇಳಿದ್ದು ತಮಾಷೆಗೆ. ಸಂಜೀವನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಒಂದು ಕ್ಷಣ ಯೋಚಿಸಿ, ದೊರೆಯ ಮುಂದೆ ಬಗ್ಗಿ, ಎರಡೂ ಬೂಟುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಲ ಮೊಣಕಾಲನ್ನೂ ಮುಟ್ಟಿದ.

"ಇದು ಎಂತದಕ್ಕೆ?" ದೊರೆ ನನ್ನನ್ನು ಕೇಳಿದರು.

"ಇನ್ನು ತಾಗುವುದಕ್ಕೆಲ್ಲ ಈಗಲೇ," ಎಂದೆ.

ಅವರು ಸಂಜೀವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅವನ ಬೆನ್ನಿಗೆ ಫಟಾರನೆ ಒಂದು ಬಾರಿಸಿ ತಮ್ಮ ಜಾಗಕ್ಕೆ ಹೋದರು. ಹೊರಟಿದ್ದ ಇನ್‌ಸ್ಪೆಕ್ಟರರೂ ಕೊಡೆ ಹಿಡಿದೇ ನಿಂತು ನೋಡಿದರು.

ಮುಂದಿನ ಆಟವನ್ನು ನಾನು ಕಣ್ಣು ಮುಚ್ಚಿದರೆ ಈಗಲೂ ಕಾಣಬಲ್ಲೆ. ದೊರೆ ಚೆಂಡು ಹಿಡಿದು ಬಂದರು. ಕೆಟ್ಟ ಕಾಲೆಂದು ಒಂದಿಷ್ಟೂ ಬಿಟ್ಟುಕೊಡದೆ, ಸ್ವಂತ ಊರಿನ ಶನಿವಾರದ ಆಟದ ಹಾಗೆಯೇ ಬಂದರು. ಸಂಜೀವ ಎದುರು ಹೋಗಿ ಅವರೇ ಕಲಿಸಿದಂತೆ ಅಂಗಾಲು ಹೊರಳಿಸಿ ಚೆಂಡು ಕಿತ್ತುಕೊಂಡ. ದೊರೆ ಕೆಸರಿನಲ್ಲಿ ಮಗುಚಿ ಬಿದ್ದರು. ಸಂಜೀವನ ಹೆಜ್ಜೆ ಒಂದೇ ಒಂದು ಸಲ ತಡವರಿಸಿತು.

"ಓಡು!" ಬಿದ್ದಲ್ಲಿಂದಲೇ ದೊರೆ ಕೂಗಿದರು. ಅಷ್ಟು ಕನ್ನಡ ಅವರಿಗೆ ಬರುತ್ತಿತ್ತು.

ಸಂಜೀವ ಓಡಿದ. ಇಬ್ಬರನ್ನು ದಾಟಿ, ಎಡಗಡೆ ಬರುತ್ತಿದ್ದ ಪ್ರೆಸ್ಸಿನ ದೇಜುವಿನ ಕಾಲಿಗೆ ಚೆಂಡು ಒಪ್ಪಿಸಿದ. ದೇಜು ಗೋಲು ಹೊಡೆದ. ಆಟ ಸಮಸಮವಾಗಿ ಮುಗಿಯಿತು.

ದೊರೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದಿದ್ದೆವು. ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು. ಇನ್‌ಸ್ಪೆಕ್ಟರರು ಬಂದು, "ಗೋಲು ಹೊಡೆದವನು ಯಾರು? ಅವನನ್ನು ಕರೆಯಿರಿ," ಎಂದರು. ದೇಜು ಅಂಗಿ ಸರಿಮಾಡಿಕೊಂಡ.

"ಗೋಲು ಹೊಡೆದವನನ್ನು ಎಲ್ಲರೂ ನೋಡಿದ್ದಾರೆ," ಡಂಕನ್ ದೊರೆ ಹಲ್ಲು ಕಚ್ಚಿಕೊಂಡೇ ಹೇಳಿದರು. "ಚೆಂಡು ಕೊಟ್ಟವನ ಹೆಸರು ಕೇಳಿ. ಒಂಬತ್ತು ವರ್ಷ ನಾನು ಮಾಡಿದ್ದು ಅದೇ ಕೆಲಸ. ನನ್ನಿಂದ ಇಷ್ಟು ಚೆನ್ನಾಗಿ ಯಾರೂ ಕಸಿದಿರಲಿಲ್ಲ."

ಇನ್‌ಸ್ಪೆಕ್ಟರರು ಹೆಸರು ಕೇಳಿದರು. ಸಂಜೀವನ ಮಗಳು ಹುಟ್ಟುವ ಹೊತ್ತಿಗೆ ಅವನು ಖಾಕಿ ತೊಟ್ಟಿದ್ದ.

ಡಂಕನ್ ದೊರೆ ಮತ್ತೆ ಆಡಲಿಲ್ಲ. ಅದಕ್ಕಾಗಿ ಒಮ್ಮೆಯೂ ಕೊರಗಿದ್ದನ್ನು ನಾನು ನೋಡಲಿಲ್ಲ. ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಅವರು ಊರಿಗೆ ಹೊರಟ ದಿನ ಸಂಜೀವ ಬಂದರಿಗೆ ಬಂದು ಕಾಲು ಮುಟ್ಟಲು ಬಗ್ಗಿದ. ದೊರೆ ಗಾಬರಿಯಾದವರಂತೆ ಊರುಗೋಲು ಎತ್ತಿ ಹಿಂದೆ ಸರಿದರು. "ಈ ಸಲ ಎಂತ ಮಾಡ್ಲಿಕ್ಕೆ ಹೊರಟಿದ್ದಾನೆ, ಕೇಳು!" ಎಂದರು. ನಾನು ದಾಟಿಸುವ ಮೊದಲೇ ಸಂಜೀವನಿಗೆ ಅರ್ಥವಾಗಿ, ನಗುತ್ತಲೇ ಕಣ್ಣೊರೆಸಿಕೊಂಡ.

ಮುಂದೆ ನಾನು ಅದೇ ಕಾರ್ಖಾನೆಯಲ್ಲಿ ಫೋರ್‌ಮನ್ ಆದೆ. ಗೌರವ ಮನಸ್ಸಿನಲ್ಲಿ ಎಷ್ಟಿದ್ದರೂ ಇರಲಿ, ಅದನ್ನು ಕೆಲಸಕ್ಕೆ ಇಳಿಯುವ ಮೊದಲೇ ಸಲ್ಲಿಸಿಬಿಡಬೇಕು. ಇಳಿದ ಮೇಲೆ ಕೈ ಹಿಂಜರಿಯಬಾರದು. ನನ್ನ ವೃತ್ತಿ ನನಗೆ ಕಲಿಸಿದ ಇದನ್ನು ಆಳುಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವರು ಕೇಳಿಸಿಕೊಂಡಿದ್ದರೋ ಇಲ್ಲವೋ ಎಂಬ ಸಂಶಯ ಒಂದು ದಿನ ತೀರಿತು. ಪ್ರೆಸ್ಸಿನ ಬೋಲ್ಟು ಬಿಗಿದು ನಾನು ಇನ್ನೇನು ಅದನ್ನು ಓಡಿಸುವ ಬೆಲ್ಟು ಹಾಕಿಸಬೇಕು, ಅಷ್ಟರಲ್ಲಿ ದೇಜು ಬಂದು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಎಂತ ತಪ್ಪು ಮಾಡ್ಲಿಕ್ಕೆ ಹೊರಟದ್ದು?" ಎಂದೆ.

"ನಾನಲ್ಲ ಪೊರ್ಬುಗಳೇ, ನೀವು," ಎಂದು ನಾನು ಬಿಗಿದ ಬೋಲ್ಟಿನ ಕಡೆ ಬೆರಳು ತೋರಿಸಿದ. ನಾನು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತೆ.